ಕಸಿ ಚಾಕಿನ ಬಾಯಿ ನಿಲ್ಲದಿದ್ದರೆ

ಶರಾವತಿ ಸೀಮೆಯ ಒಂದು ಸಣ್ಣ ನರ್ಸರಿ. ಮಳೆಗಾಲದ ಕಸಿ ಹಂಗಾಮು. ಮಾತಾಡುತ್ತಿರುವವರು ಇಬ್ಬರು: ನರ್ಸರಿ ನಡೆಸುವ ಹುಡುಗಿ, ಮತ್ತು ಕಾರ್ಖಾನೆಯಲ್ಲಿ ಉಕ್ಕಿಗೆ ಹದ ಹಾಕುವ ವಿಭಾಗದಲ್ಲಿ ದುಡಿದು ನಿವೃತ್ತರಾದ ಅವಳ ದೊಡ್ಡಪ್ಪ.

ಮಗಳು: ದೊಡ್ಡಪ್ಪ, ಈ ಚಾಕಿನದೇ ಒಂದು ತಲೆನೋವು. ಬೆಳಿಗ್ಗೆ ಮಸೆದು ಕೂತರೆ ಪೇಪರನ್ನು ಸರ್ರನೆ ಸೀಳುತ್ತದೆ. ಚಹಾ ಹೊತ್ತಿಗೆ ಕಸಿಕಡ್ಡಿಯ ಮೇಲೆ ಜಾರಲು ಶುರುವಾಗುತ್ತದೆ. ಮತ್ತೆ ಮಸೆದರೂ ಅದೇ ಕಥೆ. ಉಕ್ಕೇ ಸರಿಯಿಲ್ಲ ಅನ್ನಿಸುತ್ತಿದೆ. ಶಿವಮೊಗ್ಗಕ್ಕೆ ಹೋದಾಗ ಒಳ್ಳೆಯದೊಂದು ತಂದುಬಿಡಲಾ?

ದೊಡ್ಡಪ್ಪ: ತರುವುದು ಇದ್ದೇ ಇದೆ. ಹೊಸದಾಗಿದ್ದಾಗಲೂ ಹೀಗೇ ಇತ್ತಾ?

ಮಗಳು: ಇಲ್ಲ. ಕಳೆದ ಮಳೆಗಾಲ ಪೂರ್ತಿ ಚೆನ್ನಾಗಿಯೇ ಇತ್ತು. ಈ ವರ್ಷ ಕೆಟ್ಟಿದೆ.

ದೊಡ್ಡಪ್ಪ: ಹಾಗಾದರೆ ಉಕ್ಕನ್ನು ಬೈಯುವುದು ಕಡೆಗಿರಲಿ. ಹುಟ್ಟಿನಿಂದಲೇ ಮೆದುವಾದ ಅಲಗು ಮೊದಲ ವಾರದಲ್ಲೇ ತನ್ನ ಗುಣ ತೋರಿಸುತ್ತದೆ. ಒಂದು ವರ್ಷ ನಡೆದು ಆಮೇಲೆ ಕೆಟ್ಟಿದೆ ಅಂದರೆ ನಡುವೆ ಏನೋ ಆಗಿದೆ. ಏನಾಯಿತು ಅನ್ನುವುದು ಈ ಬಾಯಲ್ಲೇ ಇದೆ. ಈಗ ಕಲ್ಲಿಗೆ ಹಚ್ಚಬೇಡ. ಮಸೆದೆಯೋ, ಸಾಕ್ಷಿ ಅಳಿಸಿಹೋಗುತ್ತದೆ. ಟಾರ್ಚ್ ತಾ.

ಮಗಳು: ಹಗಲಲ್ಲಿ ಟಾರ್ಚಾ?

ದೊಡ್ಡಪ್ಪ: ಹೌದು. ಅಲಗಿನ ಬಾಯಿಯನ್ನು ಮೇಲ್ಮುಖ ಮಾಡಿ, ಬೆಳಕನ್ನು ನೇರ ಅದರ ಮೇಲೆ ಬಿಡು. ಹರಿತ ಇದ್ದ ಕಡೆ ಏನೂ ಕಾಣುವುದಿಲ್ಲ, ಕಪ್ಪು. ಬೆಳಕು ಹೊರಳಿ ಬರುವಷ್ಟು ಅಗಲ ಅಲ್ಲಿ ಇಲ್ಲ. ಮೊಂಡಾದ ಕಡೆ ಬಿಳಿ ಗೆರೆ ಮಿನುಗುತ್ತದೆ. ಎಲ್ಲಿ ಮಿನುಗುತ್ತಿದೆ ಹೇಳು.

ಮಗಳು: ಹಿಡಿಯ ಹತ್ತಿರ ಇಲ್ಲ. ನಡುವಿನಿಂದ ತುದಿಯವರೆಗೆ ಸಣ್ಣಗೆ ಒಂದು ಗೆರೆ. ಹಲ್ಲು ಬಿದ್ದ ಹಾಗೆ ಕಾಣುವುದಿಲ್ಲ.

ದೊಡ್ಡಪ್ಪ: ಈಗ ಉಗುರನ್ನು ಅಲಗಿನ ಬೆನ್ನಿನ ಕಡೆಯಿಂದ ಬಾಯಿಯ ಆಚೆಗೆ ಹಗುರವಾಗಿ ಜಾರಿಸು. ಬಾಯಿಯ ಉದ್ದಕ್ಕೆ ಅಲ್ಲ, ಅಡ್ಡಕ್ಕೆ. ಎರಡೂ ಬದಿ ನೋಡು.

ಮಗಳು: ಇಳಿಜಾರು ಇರುವ ಬದಿಯಲ್ಲಿ ನುಣ್ಣಗಿದೆ. ಚಪ್ಪಟೆ ಬದಿಯಲ್ಲಿ ಉಗುರು ಸಿಕ್ಕಿಕೊಳ್ಳುತ್ತದೆ.

ದೊಡ್ಡಪ್ಪ: ಅಂದರೆ ಬಾಯಿ ಸವೆದಿಲ್ಲ, ಚಕ್ಕೆ ಎದ್ದಿಲ್ಲ, ಚಪ್ಪಟೆ ಬದಿಗೆ ಮಗುಚಿಕೊಂಡಿದೆ. ಚಾಕು ಮೊಂಡಾಗುವುದಕ್ಕೆ ಮುಖ್ಯವಾಗಿ ನಾಲ್ಕು ದಾರಿ. ಒಂದು, ಬಾಯಿ ಒಂದು ಕಡೆ ಮಗುಚುವುದು. ಎರಡು, ಚಕ್ಕೆ ಏಳುವುದು. ಮೂರು, ಸವೆದು ಗುಂಡಗಾಗುವುದು. ನಾಲ್ಕು, ತುಕ್ಕು ತಿನ್ನುವುದು. ನಾಲ್ಕಕ್ಕೂ ಮದ್ದು ಬೇರೆ ಬೇರೆ. ಕೈಯಲ್ಲಿ ಹಿಡಿದಾಗ ಮಾತ್ರ ನಾಲ್ಕೂ ಒಂದೇ ಥರ ಮೊಂಡು ಅನ್ನಿಸುತ್ತವೆ. ಅದಕ್ಕೇ ಜನ ಎಲ್ಲಕ್ಕೂ ಮಸೆಯುವುದೊಂದೇ ಮದ್ದು ಅಂತ ತಿಳಿಯುವುದು.

ಮಗಳು: ಮಗುಚಿದ್ದು ಯಾಕೆ?

ದೊಡ್ಡಪ್ಪ: ಅದು ಎಷ್ಟು ಬೇಗ ಮಗುಚಿತು ಅನ್ನುವುದನ್ನು ನೋಡಬೇಕು. ಮಸೆದು ನಾಲ್ಕೈದು ಕಡ್ಡಿ ಕತ್ತರಿಸುವುದರೊಳಗೆ ಹರಿತ ಹೋದರೆ ಅದು ಹರಿತವೇ ಆಗಿರಲಿಲ್ಲ, ಬರ್ ಮಾತ್ರ ಇತ್ತು ಅಂತ ಅರ್ಥ. ಕಾರ್ಖಾನೆಯಲ್ಲಿ ನಾವು ಹಾಗೆ ಕರೆಯುತ್ತಿದ್ದೆವು. ಒಂದು ಬದಿಯನ್ನು ಕಲ್ಲಿಗೆ ತಿಕ್ಕಿದಾಗ ತುದಿಯ ಉಕ್ಕು ತೆಳ್ಳಗಾಗಿ ಆಚೆ ಬದಿಗೆ ಒಂದು ಎಳೆಯಾಗಿ ಹೊರಳುತ್ತದೆ. ಬಾಳೆಲೆಯ ಹರಿದ ಅಂಚು ಗಾಳಿಗೆ ಅತ್ತಿತ್ತ ಮಗುಚುತ್ತದಲ್ಲ, ಅದೇ ಥರ ಈ ಎಳೆಯೂ. ನೆಟ್ಟಗೆ ನಿಂತಿರುವಾಗ ಪೇಪರ್ ಸೀಳುತ್ತದೆ, ಕೈ ಮೇಲಿನ ಕೂದಲೂ ತೆಗೆಯುತ್ತದೆ. ಕಟ್ಟಿಗೆ ತಗುಲಿದ ಕೂಡಲೇ ಮಲಗಿಬಿಡುತ್ತದೆ. ಬಾಯಿ ನಿಲ್ಲುವುದಿಲ್ಲ ಅನ್ನುವ ದೂರುಗಳಲ್ಲಿ ಮೊದಲು ಅನುಮಾನಿಸಬೇಕಾದದ್ದು ಇದನ್ನೇ.

ಮಗಳು: ಪೇಪರ್ ಪರೀಕ್ಷೆಯನ್ನೇ ನಂಬಿಕೊಂಡು ಕೂತಿದ್ದೆವಲ್ಲ.

ದೊಡ್ಡಪ್ಪ: ಪೇಪರ್ ಪರೀಕ್ಷೆ ತಪ್ಪಲ್ಲ, ಅದನ್ನು ಎರಡು ಸಲ ಮಾಡಬೇಕು. ಮಸೆದ ಮೇಲೆ ಒಮ್ಮೆ ಪೇಪರ್ ಸೀಳು. ಬೇಡದ ಮಾವಿನ ಕಡ್ಡಿಯೊಂದನ್ನು ಕೆಲವು ಸಲ ಕೆತ್ತು. ಮತ್ತೆ ಪೇಪರ್ ಸೀಳು. ಮೊದಲ ಸಲ ಸೀಳಿ ಎರಡನೇ ಸಲ ಹರಿದರೆ ಅದು ಬರ್. ಹತ್ತಿಯಿಂದಲೂ ಗೊತ್ತಾಗುತ್ತದೆ. ಒಂದು ಚೂರು ಹತ್ತಿಯನ್ನು ಬಾಯಿಯಿಂದ ಆಚೆಗೆ ಸವರಿದರೆ ಎಳೆ ಇದ್ದ ಕಡೆ ನೂಲು ಸಿಕ್ಕಿಕೊಳ್ಳುತ್ತದೆ.

ಮಗಳು: ಅದನ್ನು ತೆಗೆಯುವುದು ಹೇಗೆ? ಇನ್ನಷ್ಟು ಮಸೆದರೆ ಹೋಗುತ್ತದಾ?

ದೊಡ್ಡಪ್ಪ: ಒತ್ತಿ ಮಸೆದಷ್ಟೂ ಬೆಳೆಯುತ್ತದೆ. ಕೈಯ ಭಾರ ಇಳಿಸುವುದರಲ್ಲೇ ಎಲ್ಲ ಇದೆ. ಈ ಚಾಕು ಕಸಿಗೆಂದೇ ಮಾಡಿದ್ದು. ಒಂದು ಬದಿ ಮಾತ್ರ ಇಳಿಜಾರು, ಇನ್ನೊಂದು ಬದಿ ಪೂರ್ತಿ ಚಪ್ಪಟೆ. ಹಾಗೆ ಯಾಕೆ ಮಾಡುತ್ತಾರೆ ಅಂತ ನನಗಿಂತ ನಿನಗೆ ಚೆನ್ನಾಗಿ ಗೊತ್ತು.

ಮಗಳು: ಚಪ್ಪಟೆ ಬದಿ ಕಡ್ಡಿಗೆ ಅಂಟಿಕೊಂಡು ಹೋದರೆ ಬೆಣೆಯ ಮುಖ ಸಮತಟ್ಟಾಗಿ ಬರುತ್ತದೆ. ಎರಡೂ ಬದಿ ಇಳಿಜಾರಿರುವ ಅಡುಗೆ ಚಾಕಿನಲ್ಲಿ ಕೆತ್ತಿದರೆ ಮುಖ ತೋಡಿದ ಹಾಗಾಗುತ್ತದೆ.

ದೊಡ್ಡಪ್ಪ: ಆದ್ದರಿಂದ ಇಳಿಜಾರಿನ ಬದಿಯನ್ನು ಮಾತ್ರ ಮಸೆಯಬೇಕು. ಇಳಿಜಾರು ಪೂರ್ತಿ ಕಲ್ಲಿಗೆ ಕೂರಬೇಕು. ಕೂತಿದೆಯೋ ಇಲ್ಲವೋ ತಿಳಿಯಲು ಸ್ಕೆಚ್ ಪೆನ್ನಿನಿಂದ ಇಳಿಜಾರಿಗೆ ಬಣ್ಣ ಬಳಿ. ಎರಡು ಸಲ ಕಲ್ಲಿಗೆ ಎಳೆದು ನೋಡು. ಬಣ್ಣ ಬರೀ ಮೇಲ್ಭಾಗದಲ್ಲಿ ಹೋದರೆ ಕಲ್ಲು ಬಾಯಿಯನ್ನು ಮುಟ್ಟುತ್ತಲೇ ಇಲ್ಲ. ಬರೀ ತುದಿಯಲ್ಲಿ ಹೋದರೆ ನೀನು ಚಾಕನ್ನು ಎತ್ತಿ ಹಿಡಿದಿದ್ದೀಯ. ಪೂರ್ತಿ ಹೋದರೆ ಸರಿ. ಬಾಯಿಯುದ್ದಕ್ಕೂ ಚಪ್ಪಟೆ ಬದಿಯಲ್ಲಿ ಬರ್ ಎದ್ದ ಮೇಲೆ ನಿಲ್ಲಿಸಿ, ಚಪ್ಪಟೆ ಬದಿಯನ್ನು ನಯದ ಕಲ್ಲಿನ ಮೇಲೆ ಸಂಪೂರ್ಣ ಮಲಗಿಸಿ ಒಂದೆರಡು ಸಲ ಎಳೆ, ಚಾಕಿನ ಭಾರದಲ್ಲಷ್ಟೇ. ಮತ್ತೆ ಇಳಿಜಾರಿನ ಬದಿ ಒಂದು ಸಲ, ಚಪ್ಪಟೆ ಬದಿ ಒಂದು ಸಲ. ಬರ್ ಅತ್ತಿತ್ತ ಓಡಾಡಿ ಸಣ್ಣಗಾಗುತ್ತದೆ. ಆಮೇಲೆ ಮೆದು ಕಟ್ಟಿಗೆಯ ಅಂಚಿನ ಮೇಲೆ ಬಾಯಿಯನ್ನು ಹಗುರವಾಗಿ ಎಳೆದರೆ ಉಳಿದ ಎಳೆ ಕಿತ್ತು ಬರುತ್ತದೆ. ಕೊನೆಗೆ ಚರ್ಮ. ಹಳೇ ಬೆಲ್ಟನ್ನು ಹಲಗೆಗೆ ಅಂಟಿಸಿ, ಸ್ಟೀಲಿಗೆ ಹೊಳಪು ಕೊಡುವ ಹಸಿರು ಪೇಸ್ಟು ಸವರು. ಅದರ ಮೇಲೆ ಬೆನ್ನು ಮುಂದಾಗಿ ಎಳೆಯಬೇಕು. ಬಾಯಿ ಮುಂದಾದರೆ ಚರ್ಮ ಕತ್ತರಿಸಿಹೋಗುತ್ತದೆ.

ಮಗಳು: ಇಷ್ಟೆಲ್ಲ ಮಾಡಿಯೂ ನಡುಭಾಗ ಬೇಗ ಹೋದರೆ? ಯಾಕೆ ಕೇಳುತ್ತಿದ್ದೇನೆ ಅಂದರೆ ಹಿಡಿಯ ಹತ್ತಿರದ ಭಾಗ ಇವತ್ತಿಗೂ ಹರಿತವಾಗಿದೆ. ಅಲ್ಲಿಗೂ ಅದೇ ಕಲ್ಲು, ಅದೇ ಕೈ.

ದೊಡ್ಡಪ್ಪ: ಸರಿಯಾದ ಪ್ರಶ್ನೆ. ಈ ಚಾಕು ಯಾವಾಗಲಾದರೂ ಯಂತ್ರದ ಸಾಣೆಗೆ ಹೋಗಿತ್ತಾ?

ಮಗಳು: ಬೇಸಿಗೆಯಲ್ಲಿ ಪೇಟೆಯಲ್ಲಿ ಹಿಡಿಸಿದ್ದೆವು. ಕಿಡಿ ಹಾರಿಸಿ ಮಿರಮಿರ ಹೊಳೆಯುವ ಹಾಗೆ ಮಾಡಿ ಕೊಟ್ಟಿದ್ದರು. ಹಿಡಿಯ ಹತ್ತಿರ ಚಕ್ರ ತಾಗಲಿಲ್ಲ.

ದೊಡ್ಡಪ್ಪ: ಹಾಗಾದರೆ ಆ ಭಾಗಕ್ಕೆ ಕಾವೂ ತಾಗಲಿಲ್ಲ. ನೋಡು, ಇದು ಕಾರ್ಬನ್ ಉಕ್ಕು. ಸೊನೆ ತಗುಲಿದಲ್ಲೆಲ್ಲ ಕಪ್ಪಾಗಿದೆ, ಸ್ಟೇನ್‌ಲೆಸ್ ಆಗಿದ್ದರೆ ಇಷ್ಟು ಸುಲಭವಾಗಿ ಕಪ್ಪಾಗುತ್ತಿರಲಿಲ್ಲ. ಇಂಥ ಉಕ್ಕನ್ನು ಕೆಂಪಗೆ, ಸುಮಾರು 800 ಡಿಗ್ರಿ ಸೆಲ್ಸಿಯಸ್ ಹತ್ತಿರ ಕಾಯಿಸಿ, ಎಣ್ಣೆಗೋ ನೀರಿಗೋ ಅದ್ದಿದರೆ ವಿಪರೀತ ಗಡಸಾಗುತ್ತದೆ. ಜೊತೆಗೆ ಪೆಡಸೂ ಆಗುತ್ತದೆ, ಕೈ ತಪ್ಪಿ ಬಿದ್ದರೆ ಮುರಿಯಬಹುದು. ಅದಕ್ಕೆ ಎರಡನೇ ಸಲ ಹಗುರವಾಗಿ ಕಾಯಿಸಿ ಪೆಡಸುತನ ಇಳಿಸುತ್ತೇವೆ. ಹದ ಅನ್ನುವುದು ಇದನ್ನೇ. ಚಾಕಿಗೆ ಆ ಎರಡನೇ ಕಾವು ಸಾಮಾನ್ಯವಾಗಿ 200 ಡಿಗ್ರಿಯ ಆಸುಪಾಸು. ಮುಂದೆ ಯಾವಾಗಲಾದರೂ ಅಲಗು ಅದಕ್ಕಿಂತ ಹೆಚ್ಚು ಕಾದರೆ ಗಡಸುತನ ಇಳಿದುಹೋಗುತ್ತದೆ. ತಣ್ಣಗಾದ ಮಾತ್ರಕ್ಕೆ ಅದು ವಾಪಸು ಬರುವುದಿಲ್ಲ.

ಮಗಳು: ಸಾಣೆ ಚಕ್ರಕ್ಕೆ ಅಷ್ಟು ಕಾವು ಬರುತ್ತದಾ? ಕೈಯಲ್ಲಿ ಹಿಡಿದೇ ಮಾಡುತ್ತಿದ್ದರಲ್ಲ?

ದೊಡ್ಡಪ್ಪ: ಕೈಯಲ್ಲಿ ಹಿಡಿದಿರುವುದು ದಪ್ಪ ಭಾಗ. ಬಾಯಿ ಕೂದಲಿಗಿಂತ ತೆಳು. ಅಲ್ಲಿ ಹುಟ್ಟಿದ ಕಾವಿಗೆ ಹರಿದುಹೋಗಲು ಉಕ್ಕೇ ಇಲ್ಲ. ಕ್ಷಣಾರ್ಧ ಸಾಕು. ಪಾಲಿಶ್ ಮಾಡಿದ ಕಾರ್ಬನ್ ಉಕ್ಕು ಕಾಯುತ್ತಾ ಹೋದಂತೆ ಬಣ್ಣ ತೋರಿಸುತ್ತದೆ. ಸುಮಾರು 220 ಡಿಗ್ರಿಗೆ ಒಣಹುಲ್ಲಿನ ತಿಳಿ ಹಳದಿ. 260ರ ಹತ್ತಿರ ಕಂದು. 280ಕ್ಕೆ ನೇರಳೆ. 300ರ ಹತ್ತಿರ ನೀಲಿ. ಹದ ಹಾಕುವವರು ಹಿಂದೆ ಈ ಬಣ್ಣ ನೋಡಿಯೇ ಕೆಲಸ ಮಾಡುತ್ತಿದ್ದರು. ಚಾಕಿನ ಬಾಯಲ್ಲಿ ನೀಲಿ ಕಂಡರೆ ಆ ಭಾಗ ಸ್ಪ್ರಿಂಗಿನ ಹದಕ್ಕೆ ಇಳಿದಿದೆ ಅಂತ ತಿಳಿ. ಬಾಗುತ್ತದೆ, ಹರಿತ ಹಿಡಿದಿಟ್ಟುಕೊಳ್ಳುವುದಿಲ್ಲ.

ಮಗಳು: ಇದರಲ್ಲಿ ನೀಲಿ ಎಲ್ಲೂ ಕಾಣುತ್ತಿಲ್ಲ.

ದೊಡ್ಡಪ್ಪ: ಆ ಬಣ್ಣ ಮೇಲ್ಮೈಯ ತೆಳು ಪೊರೆ. ಆಮೇಲೆ ಬಟ್ಟೆಯ ಚಕ್ರಕ್ಕೆ ಹಿಡಿದು ಹೊಳಪು ಕೊಟ್ಟರೆ ಪೊರೆ ಹೋಗುತ್ತದೆ, ಒಳಗಿನ ಮೆದುತನ ಉಳಿಯುತ್ತದೆ. ಅರ ಇದೆಯಾ, ಸಣ್ಣದು? ಹೊಸದಿದ್ದರೆ ಒಳ್ಳೆಯದು. ಹಿಡಿಯ ಹತ್ತಿರ ಬಾಯಿಗೆ ಹಗುರವಾಗಿ ತಾಗಿಸಿ ನೋಡು, ಆಮೇಲೆ ನಡುವೆ.

ಮಗಳು: ಹಿಡಿಯ ಹತ್ತಿರ ಕಿರ್ರೆಂದು ಜಾರುತ್ತದೆ. ನಡುವೆ ಕಚ್ಚುತ್ತದೆ. ಸ್ಪಷ್ಟವಾಗಿ ಗೊತ್ತಾಗುತ್ತಿದೆ!

ದೊಡ್ಡಪ್ಪ: ಇದೇ ಸಾಕ್ಷಿ. ಒಂದೇ ಅಲಗು, ಒಂದೇ ಉಕ್ಕು, ಎರಡು ಗಡಸುತನ. ಕಾರ್ಖಾನೆಯಲ್ಲಾದರೆ ರಾಕ್‌ವೆಲ್ ಯಂತ್ರದಲ್ಲಿಟ್ಟು, ವಜ್ರದ ಮೊನೆಯನ್ನು 150 ಕೆ.ಜಿ. ಭಾರದಲ್ಲಿ ಒತ್ತಿ, ಗುಳಿಯ ಆಳದಿಂದ ಗಡಸುತನ ಅಳೆಯುತ್ತಿದ್ದೆವು. ಚಾಕಿನ ಬಾಯಿಗೆ ಅದು ಬರುವುದೂ ಇಲ್ಲ, ಅಷ್ಟು ತೆಳು ಜಾಗಕ್ಕೆ ಆ ಯಂತ್ರ ಕೂರುವುದಿಲ್ಲ. ಅರವೇ ಸಾಕು. ಅಂಕಿ ಗೊತ್ತಾಗದಿದ್ದರೂ ವ್ಯತ್ಯಾಸ ಗೊತ್ತಾಗುತ್ತದೆ.

ಮಗಳು: ಹಾಗಾದರೆ ಚಾಕು ಸತ್ತ ಹಾಗೇನಾ? ಆಚಾರಿಯ ಕುಲುಮೆಗೆ ಕೊಟ್ಟು ಮತ್ತೆ ಹದ ಹಾಕಿಸಬಹುದಾ?

ದೊಡ್ಡಪ್ಪ: ಮಡಚುವ ಚಾಕನ್ನು ಹಿಡಿಯಿಂದ ಬಿಚ್ಚಬೇಕು, ಇಷ್ಟು ತೆಳು ಅಲಗನ್ನು ಸೊಟ್ಟಗಾಗದ ಹಾಗೆ ಕಾಯಿಸಿ ಅದ್ದಬೇಕು. ಅಷ್ಟು ಕಷ್ಟ ಬೇಡ. ಕಾವು ತಿಂದಿರುವುದು ಬಾಯಿಯ ಅಂಚಿನ ಸಣ್ಣ ಪಟ್ಟಿ ಮಾತ್ರ. ಅದರ ಹಿಂದೆ ಗಟ್ಟಿ ಉಕ್ಕು ಹಾಗೇ ಇದೆ. ದೊರಗು ಕಲ್ಲಿನ ಮೇಲೆ ನೀರು ಹಾಕಿಕೊಂಡು ಕೈಯಲ್ಲೇ ತಿಕ್ಕಿ ಆ ಪಟ್ಟಿಯನ್ನು ತೆಗೆದುಬಿಡು. ಅರ ನಡುವೆಯೂ ಜಾರತೊಡಗಿದಾಗ ನಿಲ್ಲಿಸು. ಅವಸರಕ್ಕೆ ಮತ್ತೆ ಯಂತ್ರಕ್ಕೆ ಹಚ್ಚಿದರೆ ಕಾವು ಇನ್ನೂ ಒಳಕ್ಕೆ ಹೋಗುತ್ತದೆ. ಒಂದು ಮಧ್ಯಾಹ್ನದ ಕೆಲಸ, ಚಾಕು ಉಳಿಯುತ್ತದೆ. ಹೊಸ ಚಾಕಿಗೂ ಈ ಮಾತು ಸಲ್ಲುತ್ತದೆ. ತಯಾರಿಸುವಾಗ ಕೊನೆಯ ಬಾಯಿಯನ್ನು ಬೆಲ್ಟ್ ಸಾಣೆಯಂತ್ರದಲ್ಲಿ ನೀರಿಲ್ಲದೆ ಹಿಡಿದಿದ್ದರೆ ಮೊದಲ ಬಾಯಿ ಬೇಗ ಹೋಗುತ್ತದೆ. ಎರಡು ಮೂರು ಸಲ ಕೈಯಲ್ಲಿ ಮಸೆದ ಮೇಲೆ ಅದೇ ಚಾಕು ಚೆನ್ನಾಗಿ ನಿಲ್ಲುತ್ತದೆ.

ಮಗಳು: ಉಕ್ಕು ಒಳ್ಳೆಯದಿದ್ದರೆ ಈ ಪೀಡೆಯೇ ಇರುವುದಿಲ್ಲ ಅಂದುಕೊಂಡಿದ್ದೆ.

ದೊಡ್ಡಪ್ಪ: ಎಷ್ಟು ಒಳ್ಳೆಯ ಉಕ್ಕಾದರೂ ಕಾವಿನ ಮುಂದೆ ಸೋಲುತ್ತದೆ. ನಮ್ಮ ಮೈಸೂರು ಸೀಮೆಯನ್ನೇ ತಗೋ. ಇಲ್ಲಿ ಮಣ್ಣಿನ ಮೂಸೆಯಲ್ಲಿ ಕಬ್ಬಿಣದ ಚೂರು, ತಂಗಡಿ ಕಡ್ಡಿ, ಹಸಿ ಎಲೆ ಇಟ್ಟು, ಬಾಯಿ ಮುಚ್ಚಿ, ಕುಲುಮೆಯಲ್ಲಿ ಕರಗಿಸಿ ಉಕ್ಕು ತೆಗೆಯುತ್ತಿದ್ದರು. 1800–01ರಲ್ಲಿ ಈ ಸೀಮೆಯಲ್ಲಿ ಓಡಾಡಿದ ಫ್ರಾನ್ಸಿಸ್ ಬುಕಾನನ್ ಅದನ್ನು ಕಣ್ಣಾರೆ ಕಂಡು ಬರೆದಿಟ್ಟ, 1807ರಲ್ಲಿ ಆ ಪುಸ್ತಕ ಅಚ್ಚಾಯಿತು. ದಕ್ಷಿಣ ಭಾರತದ ಆ ಉಕ್ಕಿನ ಗಟ್ಟಿಗಳು ಇಂಗ್ಲೆಂಡಿಗೆ ಹೋದವು, ಮೈಕೇಲ್ ಫ್ಯಾರಡೆಯಂಥವರು ಪರೀಕ್ಷೆಗೆ ಕೂತರು. ಅಲ್ಲಿನ ಕಮ್ಮಾರರು ತಮಗೆ ರೂಢಿಯಿದ್ದಷ್ಟು ಕಾಯಿಸಿ ಬಡಿದಾಗ ಉಕ್ಕು ಪುಡಿಯಾಗುತ್ತಿತ್ತು. ಅದರಲ್ಲಿ ಕಾರ್ಬನ್ ಅಷ್ಟು ಹೆಚ್ಚು. ಕಡಿಮೆ ಕಾವಿನಲ್ಲಿ ತಾಳ್ಮೆಯಿಂದ ಬಡಿದರೆ ಮಾತ್ರ ಅದು ಒಗ್ಗುತ್ತಿತ್ತು. ಹಾಗಾಗಿ ಉಕ್ಕಿನ ಹೆಸರನ್ನು ನಂಬಿ ಕೂರುವಂತಿಲ್ಲ, ಅದಕ್ಕೆ ಕೊಟ್ಟ ಕಾವನ್ನು ಕೇಳಬೇಕು.

ಮಗಳು: ಮಗುಚುವುದಕ್ಕೆ ಎರಡು ಕಾರಣ ಸಿಕ್ಕವು, ಬರ್ ಮತ್ತು ಕಾವು. ಮೂರನೆಯದೂ ಇರಬಹುದು ದೊಡ್ಡಪ್ಪ. ಇಳಿಜಾರು ತೀರಾ ತೆಳ್ಳಗಿದ್ದರೆ?

ದೊಡ್ಡಪ್ಪ: ಖಂಡಿತ. ಕೋನ ಕಡಿಮೆಯಾದಷ್ಟೂ ಹರಿತ ಹೆಚ್ಚು, ಆಸರೆ ಕಡಿಮೆ. ಮೆದು ಉಕ್ಕಾದರೆ ಮಗುಚುತ್ತದೆ, ಗಡಸು ಉಕ್ಕಾದರೆ ಚಕ್ಕೆ ಏಳುತ್ತದೆ. ಎರಡೂ ಬದಿ ಇಳಿಜಾರಿರುವ ಸಾಮಾನ್ಯ ಜೇಬು ಚಾಕಿಗೆ ಒಂದೊಂದು ಬದಿಗೆ 15ರಿಂದ 20 ಡಿಗ್ರಿ ಇಟ್ಟುಕೊಳ್ಳುತ್ತಾರೆ. ಕಸಿ ಚಾಕಿಗೆ ಅದರ ಒಂದೇ ಇಳಿಜಾರು ಎಷ್ಟಿತ್ತೋ ಅದನ್ನು ಕಾಪಾಡಿಕೊಂಡರೆ ಸಾಕು. ಆದರೂ ನಿಲ್ಲುತ್ತಿಲ್ಲ ಅನ್ನಿಸಿದರೆ ಬಾಯಿಯ ತುದಿಗೆ ಮಾತ್ರ ಚಾಕನ್ನು ಒಂಚೂರು ಎತ್ತಿ ನಯದ ಕಲ್ಲಿನ ಮೇಲೆ ಎರಡು ಸಲ ಎಳೆ. ಕಣ್ಣಿಗೆ ಕಾಣದಷ್ಟು ಸಣ್ಣ ಎರಡನೇ ಇಳಿಜಾರು ಬರುತ್ತದೆ, ಬಾಯಿಗೆ ಬಲ ಬರುತ್ತದೆ.

ಮಗಳು: ಈಗ ಸವೆತಕ್ಕೆ ಬನ್ನಿ. ಸವೆಯುವುದು ಸಹಜ, ಆದರೆ ಕೆಲವು ದಿನ ಚಾಕು ವಿಪರೀತ ಬೇಗ ಹೋಗುತ್ತದೆ. ಎಲ್ಲ ದಿನವೂ ಮಾವಿನ ಕಡ್ಡಿಯನ್ನೇ ಕತ್ತರಿಸುವುದು.

ದೊಡ್ಡಪ್ಪ: ಮಾವಿನ ಕಡ್ಡಿಯನ್ನಷ್ಟೇನಾ? ನಿನ್ನಲ್ಲಿ ಕಸಿ ಕೆಲಸಕ್ಕೆ ಬರುವ ಹುಡುಗಿಯರು ನಿನ್ನೆ ಚಪ್ಪರದ ಬಿದಿರಿನ ಗಣ್ಣು ಇದರಲ್ಲೇ ಕೆತ್ತುತ್ತಿದ್ದರು. ತೆಂಗಿನ ಹಗ್ಗ ಕತ್ತರಿಸಿದರು. ಮಣ್ಣು ತುಂಬಿದ ಪ್ಲಾಸ್ಟಿಕ್ ಚೀಲದ ಬಾಯಿ ಇದರಲ್ಲೇ ಸೀಳಿದರು.

ಮಗಳು: ಮಣ್ಣಿನ ಚೀಲ ಸರಿ, ಮರಳು ತಗುಲುತ್ತದೆ. ಬಿದಿರು ಏನು ಮಾಡುತ್ತದೆ?

ದೊಡ್ಡಪ್ಪ: ಬಿದಿರಿನೊಳಗೇ ಮರಳಿದೆ ಮಾರಾಯ್ತಿ. ಮಣ್ಣಿನಿಂದ ನೀರಿನ ಜೊತೆ ಸಿಲಿಕಾ ಹೀರಿಕೊಂಡು ಕೋಶಗಳಲ್ಲಿ ಗಟ್ಟಿ ಕಣವಾಗಿ ಕಟ್ಟಿಕೊಳ್ಳುವ ಗಿಡಗಳಿವೆ. ಬಿದಿರು, ಭತ್ತ, ಹುಲ್ಲಿನ ಜಾತಿ ಎಲ್ಲ ಹಾಗೆ. ತೆಂಗು, ಅಡಿಕೆ ಸೇರಿದ ತಾಳೆಯ ಕುಟುಂಬದಲ್ಲೂ ನಾರಿನ ಮಗ್ಗುಲಿಗೆ ಈ ಕಣಗಳ ಸಾಲು ಇರುತ್ತದೆ. ಬಾಳೆಯಲ್ಲೂ ಇದೆ. ಅಡಿಕೆ ಹಾಳೆ, ತೆಂಗಿನ ಸೋಗೆ, ಹುಲ್ಲಿನ ಹಗ್ಗ, ಇವನ್ನು ಕತ್ತರಿಸುವ ಕತ್ತಿ ಬೇಗ ಮೊಂಡಾಗುವುದಕ್ಕೆ ಇದೂ ಒಂದು ಕಾರಣ. ಚಾಕಿನ ಬಾಳಿಕೆ ಅಳೆಯುವ ಅಂತಾರಾಷ್ಟ್ರೀಯ ಪರೀಕ್ಷೆಯಲ್ಲೂ ಇದನ್ನೇ ಬಳಸುತ್ತಾರೆ: ಶೇ. 5ರಷ್ಟು ಸಿಲಿಕಾ ಬೆರೆಸಿದ ಕಾರ್ಡುಗಳ ಕಟ್ಟನ್ನು ಯಂತ್ರದಲ್ಲಿ ಒಂದೇ ಭಾರದಲ್ಲಿ ಮತ್ತೆ ಮತ್ತೆ ಕತ್ತರಿಸಿ, ಎಷ್ಟು ಆಳ ಇಳಿಯಿತು ಅಂತ ಲೆಕ್ಕ ಇಡುತ್ತಾರೆ. ನಿನ್ನ ಹುಡುಗಿಯರು ನಿನ್ನೆ ಅಂಥದೇ ಪರೀಕ್ಷೆಗೆ ಇದನ್ನು ಒಡ್ಡಿದ್ದಾರೆ.

ಮಗಳು: ಹಾಗಾದರೆ ಹಗ್ಗಕ್ಕೆ, ಬಿದಿರಿಗೆ, ಚೀಲಕ್ಕೆ ಬೇರೆ ಚಾಕು. ಅಗ್ಗದ್ದು ಸಾಕು.

ದೊಡ್ಡಪ್ಪ: ಸಾಕು. ಇನ್ನೊಂದು, ಕಸಿ ಪಟ್ಟಿಯನ್ನು ತಗಡಿನ ಮೇಜಿನ ಮೇಲಿಟ್ಟು ಕತ್ತರಿಸುವುದು ಬಿಡಿ. ಬಾಯಿ ತಗಡಿಗೆ ತಾಗಿದ ಪ್ರತಿ ಸಲವೂ ಪೆಟ್ಟು ತಿನ್ನುತ್ತದೆ. ಹಲಗೆ ಇಟ್ಟುಕೊಳ್ಳಿ. ಪಿಂಗಾಣಿ ತಟ್ಟೆ, ಗ್ರಾನೈಟ್ ಕಟ್ಟೆ, ಯಾವುದೂ ಚಾಕಿಗೆ ಆಗಿಬರುವುದಿಲ್ಲ. ಚಾಕನ್ನು ಸೀಳಿನೊಳಗೆ ತಿರುಚುವ ಅಭ್ಯಾಸವೂ ಬಿಡಬೇಕು.

ಮಗಳು: ಬೇರುಸಸಿಯ ನೆತ್ತಿ ಸೀಳಿದ ಮೇಲೆ ಬಾಯಿ ಅಗಲಿಸಲು ಒಂದು ಸಣ್ಣ ತಿರುವು ಕೊಡುತ್ತೇವೆ. ಗಿಡ ಅಷ್ಟು ಮೆತ್ತಗಿರುತ್ತದೆ, ಅದರಿಂದ ಉಕ್ಕಿಗೆ ಏನಾಗುತ್ತದೆ?

ದೊಡ್ಡಪ್ಪ: ಮೆತ್ತಗಿರುವುದು ಗಟ್ಟಿಯಾದದ್ದನ್ನು ಕೆಡಿಸಲಾರದು ಅಂತ ಎಲ್ಲರೂ ನಂಬುತ್ತಾರೆ. 2020ರಲ್ಲಿ ಅಮೆರಿಕದ ಎಂಐಟಿಯ ಸಂಶೋಧಕರು ಕ್ಷೌರದ ಬ್ಲೇಡನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿಟ್ಟು ನೋಡಿದರು. ಕೂದಲು ಉಕ್ಕಿಗಿಂತ ಸುಮಾರು 50 ಪಟ್ಟು ಮೆದು. ಆದರೂ ಬ್ಲೇಡಿನ ಬಾಯಲ್ಲಿ ಚಕ್ಕೆ ಎದ್ದಿತ್ತು. ಮೂರು ಸಂಗತಿ ಕೂಡಿಬಂದಾಗ ಹೀಗಾಗುತ್ತದೆ ಅಂತ ಅವರು ಕಂಡುಕೊಂಡರು. ಕೂದಲು ಬಾಗಿ ಬಾಯಿಗೆ ಓರೆಯಾಗಿ ತಾಗಬೇಕು, ಅದು ತಾಗಿದ ಕಡೆ ಉಕ್ಕಿನ ರಚನೆ ಏಕರೂಪವಾಗಿರಬಾರದು, ಬಾಯಲ್ಲಿ ಮೊದಲೇ ಸಣ್ಣ ಒರಟು ಇರಬೇಕು. ‘ಸೈನ್ಸ್’ ಪತ್ರಿಕೆಯಲ್ಲಿ ಅದು ಪ್ರಕಟವಾಯಿತು. ನಮಗೆ ಅದರಿಂದ ಎರಡು ಪಾಠ. ಎಳೆತ ನೇರವಾಗಿರಲಿ, ಪಕ್ಕಕ್ಕೆ ಒತ್ತಡ ಬೇಡ. ಮಸೆತದ ಕೊನೆ ನಯದ ಕಲ್ಲಿನಲ್ಲಾಗಲಿ, ದೊರಗು ಕಲ್ಲಿನ ಗೀರು ಬಾಯಲ್ಲಿ ಉಳಿದರೆ ಅಲ್ಲಿಂದಲೇ ಚಕ್ಕೆ ಶುರುವಾಗಬಹುದು.

ಮಗಳು: ಸೀಳು ಅಗಲಿಸಲು ಬಿದಿರಿನ ಕಡ್ಡಿ ಇಟ್ಟುಕೊಳ್ಳುತ್ತೇವೆ ಹಾಗಾದರೆ. ನಾಲ್ಕನೆಯದು ತುಕ್ಕು. ಅದು ಕಣ್ಣಿಗೆ ಕಾಣುತ್ತದೆ ಬಿಡಿ.

ದೊಡ್ಡಪ್ಪ: ಬಾಯಿಯ ತುಕ್ಕು ಕಾಣುವುದಿಲ್ಲ, ಅದೇ ತೊಂದರೆ. ಅಲಗಿನ ಮೈಮೇಲೆ ಕೆಂಪು ಬರುವುದು ಆಮೇಲೆ. ಅಷ್ಟರಲ್ಲಿ ಅತ್ಯಂತ ತೆಳುವಾದ ಜಾಗ ಕರಗಿಹೋಗಿರುತ್ತದೆ. ರಾತ್ರಿ ಹರಿತವಾಗಿ ಮಡಚಿಟ್ಟ ಚಾಕು ಬೆಳಿಗ್ಗೆ ಏನೂ ಕತ್ತರಿಸದೆಯೇ ಮೊಂಡಾಗಿದ್ದರೆ ತುಕ್ಕಿನ ಹೊರತು ಬೇರೆ ಕಾರಣ ಹುಡುಕಬೇಡ. ನಮ್ಮ ಮಳೆಗಾಲದ ಥಂಡಿಗೆ ಮಾವಿನ ಸೊನೆಯ ಹುಳಿ ಸೇರಿದರೆ ಕಾರ್ಬನ್ ಉಕ್ಕಿಗೆ ಒಂದು ರಾತ್ರಿ ಸಾಕು. ಹಲಸಿನ ಕಸಿ ಮಾಡಿದ ದಿನ ಮೇಣ ಅಂಟಿಕೊಂಡು ಅದರಡಿಯಲ್ಲಿ ನೀರು ನಿಲ್ಲುತ್ತದೆ. ಕೆಲಸ ಮುಗಿದ ಮೇಲೆ ಮೇಣವನ್ನು ಕೊಬ್ಬರಿ ಎಣ್ಣೆಯಲ್ಲಿ ಒರೆಸು. ಆಮೇಲೆ ಸೋಪು ನೀರು, ಒಣಬಟ್ಟೆ, ಮತ್ತೆ ಒಂದು ಹನಿ ಎಣ್ಣೆ. ಮಡಚುವ ಸಂದಿಗೂ ಒಂದು ಹನಿ. ಒದ್ದೆ ಚಾಕನ್ನು ಮಡಚಬಾರದು.

ಮಗಳು: ನಾವು ಗಿಡದಿಂದ ಗಿಡಕ್ಕೆ ರೋಗ ದಾಟಬಾರದು ಅಂತ ಚಾಕನ್ನು ಸ್ಪಿರಿಟ್ಟಿನಲ್ಲಿ ಒರೆಸುತ್ತೇವೆ. ಅದರಿಂದ ಕೆಡುತ್ತದಾ?

ದೊಡ್ಡಪ್ಪ: ಸ್ಪಿರಿಟ್ ಆರಿಹೋಗುತ್ತದೆ, ಭಯವಿಲ್ಲ. ಬ್ಲೀಚಿಂಗ್ ನೀರಿಗೆ ಅದ್ದಿಟ್ಟರೆ ಮಾತ್ರ ಉಕ್ಕನ್ನು ತಿನ್ನುತ್ತದೆ. ಬೆಂಕಿಯಲ್ಲಿ ಹಿಡಿದು ಶುದ್ಧ ಮಾಡುವುದಂತೂ ಬೇಡವೇ ಬೇಡ, ಕಾವಿನ ಕಥೆ ಈಗಷ್ಟೇ ಹೇಳಿದೆ.

ಮಗಳು: ಇಷ್ಟು ಕೇಳಿದ ಮೇಲೂ ಒಂದು ಅನುಮಾನ. ಉಕ್ಕೇ ಕೆಟ್ಟದ್ದಾಗಿರುವ ಚಾಕು ಇರುವುದೇ ಇಲ್ಲವಾ? ಸಂತೆಯಲ್ಲಿ ತಂದದ್ದೊಂದು ಮೊದಲ ದಿನವೇ ಬಾಗಿತ್ತು.

ದೊಡ್ಡಪ್ಪ: ಇರುತ್ತದೆ, ಬೇಕಾದಷ್ಟು. ಆದರೆ ಉಳಿದದ್ದನ್ನೆಲ್ಲ ತಳ್ಳಿಹಾಕಿದ ಮೇಲೆ ಆ ತೀರ್ಮಾನಕ್ಕೆ ಬರಬೇಕು. ಅಯಸ್ಕಾಂತ ಹಿಡಿದು ನೋಡು. ಅಡುಗೆಮನೆಯ ಸ್ಟೀಲ್ ಪಾತ್ರೆಗಳಿಗೆ ಬಳಸುವ 304 ಜಾತಿಯ ಸ್ಟೇನ್‌ಲೆಸ್ ಅಯಸ್ಕಾಂತಕ್ಕೆ ಅಂಟುವುದೇ ಇಲ್ಲ ಅನ್ನಬಹುದು. ಅದನ್ನು ಕಾಯಿಸಿ ಅದ್ದಿ ಗಡಸು ಮಾಡಲೂ ಬರುವುದಿಲ್ಲ. ಅಂಥದ್ದರಲ್ಲಿ ಅಲಗು ಮಾಡಿದ್ದರೆ ಎಷ್ಟು ಮಸೆದರೂ ಅಷ್ಟೇ. ಚಾಕಿನ ಸ್ಟೇನ್‌ಲೆಸ್ ಅಯಸ್ಕಾಂತಕ್ಕೆ ಅಂಟುತ್ತದೆ. ಅಂಟಿದ ಮಾತ್ರಕ್ಕೆ ಒಳ್ಳೆಯದು ಅನ್ನುವಂತಿಲ್ಲ, ಹದ ಹಾಕಿದ್ದಾರೋ ಇಲ್ಲವೋ ಅರವನ್ನು ಕೇಳಬೇಕು. ಅಲಗಿನುದ್ದಕ್ಕೂ, ಹಿಡಿಯ ಬುಡದಲ್ಲೂ ಅರ ಒಂದೇ ಸಮ ಕಚ್ಚಿದರೆ ಆ ಚಾಕು ಹಗ್ಗಕ್ಕೇ ಇರಲಿ.

ಮಗಳು: ಅತಿ ಗಡಸಿನದನ್ನೇ ಹುಡುಕಿ ತಂದರೆ?

ದೊಡ್ಡಪ್ಪ: ಗಡಸು ಹೆಚ್ಚಿದಷ್ಟೂ ಸವೆತ ಕಡಿಮೆ, ಸರಿ. ಚಕ್ಕೆ ಏಳುವ ಭಯ ಹೆಚ್ಚು, ಮಸೆಯುವ ಶ್ರಮವೂ ಹೆಚ್ಚು. ಸ್ವಿಸ್ ಸೈನ್ಯದ ಚಾಕು ಅಂತ ಲೋಕಪ್ರಸಿದ್ಧವಾದ ವಿಕ್ಟೋರಿನಾಕ್ಸ್ ಅಲಗಿನ ಗಡಸುತನ ರಾಕ್‌ವೆಲ್ ಅಳತೆಯಲ್ಲಿ ಸುಮಾರು 56 ಮಾತ್ರ. ಅದಕ್ಕಿಂತ ಗಡಸಿನ ಚಾಕುಗಳು ಎಷ್ಟೋ ಇವೆ. ಆದರೂ ಅದು ನಡೆಯುತ್ತದೆ, ಯಾಕೆಂದರೆ ತುಕ್ಕು ತಡೆಯುತ್ತದೆ, ಯಾರ ಮನೆಯ ಕಲ್ಲಿನ ಮೇಲೂ ಬೇಗ ಬಾಯಿ ಬರುತ್ತದೆ. ಫ್ರಾನ್ಸಿನ ಸವೋಯ್ ಸೀಮೆಯಲ್ಲಿ 1890ರಿಂದ ಬಂದಿರುವ ಒಪಿನೆಲ್ ಮಡಚು ಚಾಕು ಇವತ್ತಿಗೂ ಕಾರ್ಬನ್, ಸ್ಟೇನ್‌ಲೆಸ್ ಎರಡರಲ್ಲೂ ಸಿಗುತ್ತದೆ. ಎರಡನ್ನೂ ಬಯಸುವವರಿದ್ದಾರೆ. ನಿನ್ನ ಕೆಲಸ ಏನು, ಮಸೆಯುವವರು ಯಾರು, ಇಡುವ ಜಾಗ ಎಷ್ಟು ಒದ್ದೆ, ಇದನ್ನು ನೋಡಿ ಉಕ್ಕು ಆರಿಸಬೇಕು.

ಮಗಳು: ನನಗೆ ಇದು ಬರೀ ಚಾಕಿನ ಪ್ರಶ್ನೆ ಅಲ್ಲ ದೊಡ್ಡಪ್ಪ. ಕಸಿಯಲ್ಲಿ ಹಸಿರು ತೊಗಟೆಗೂ ಕಟ್ಟಿಗೆಗೂ ನಡುವೆ ಬೆಳೆಯುವ ಪದರ ಒಂದಿದೆ, ಕೆಲವೇ ಕೋಶಗಳಷ್ಟು ದಪ್ಪ. ಕಡ್ಡಿಯ ಆ ಪದರ, ಸಸಿಯ ಆ ಪದರ ಒಂದಕ್ಕೊಂದು ಮುಟ್ಟಿದರೆ ಮಾತ್ರ ಕೂಡಿಕೊಳ್ಳುವುದು. ಹರಿತ ಚಾಕು ಒಂದೇ ಎಳೆತಕ್ಕೆ ಸಮತಟ್ಟಾದ ಮುಖ ಕೊಡುತ್ತದೆ. ಮೊಂಡು ಚಾಕಿನಲ್ಲಿ ಎರಡು ಮೂರು ಸಲ ಕೆತ್ತಬೇಕು. ಮುಖ ಅಲೆಅಲೆಯಾಗುತ್ತದೆ, ಕೋಶ ಜಜ್ಜಿಹೋಗುತ್ತದೆ, ನಡುವೆ ಗಾಳಿ ಉಳಿಯುತ್ತದೆ, ಕಡ್ಡಿ ಒಣಗುತ್ತದೆ. ಅದು ಗೊತ್ತಾಗುವುದು ವಾರಗಟ್ಟಲೆ ಕಳೆದ ಮೇಲೆ. ಆಗ ಎಲ್ಲರೂ ಮಳೆಯನ್ನೋ ಕಡ್ಡಿಯನ್ನೋ ದೂರುತ್ತಾರೆ, ಚಾಕಿನ ಮೇಲೆ ಯಾರಿಗೂ ಅನುಮಾನ ಬರುವುದಿಲ್ಲ.

ದೊಡ್ಡಪ್ಪ: ಈ ಸಲ ಯಾವ ಕಡ್ಡಿ ಕಟ್ಟುತ್ತಿದ್ದೀರಿ?

ಮಗಳು: ಅಪ್ಪೆಮಿಡಿಯದ್ದು. ಹೊಳೆದಂಡೆಯ ಹಳೇ ಮರವೊಂದರದ್ದು. ದಂಡೆ ಕುಸಿದು ಅರ್ಧ ಬೇರು ಹೊರಗೆ ಬಂದಿದೆ, ಇನ್ನೊಂದು ಜೋರು ಮಳೆ ತಡೆಯುತ್ತದೋ ಇಲ್ಲವೋ. ಓಟೆಯಿಂದ ಎಬ್ಬಿಸಿದ ಸಸಿ ತಾಯಿಯ ಗುಣವನ್ನೇ ತರುತ್ತದೆ ಅನ್ನುವಂತಿಲ್ಲ. ಆ ಪರಿಮಳ, ಆ ಹುಳಿ, ವರ್ಷಗಟ್ಟಲೆ ಉಪ್ಪಿನಲ್ಲಿ ಕೆಡದೆ ನಿಲ್ಲುವ ಆ ಗುಣ ಉಳಿಯಬೇಕಾದರೆ ಕಸಿಯೇ ದಾರಿ. 2009ರಲ್ಲಿ ಅಪ್ಪೆಮಿಡಿಗೆ ಭೌಗೋಳಿಕ ಗುರುತು ಸಿಕ್ಕಿತು, ಹೆಸರು ಉಳಿಯಿತು. ಮರ ಉಳಿಸುವ ಕೆಲಸ ಕೈಯಲ್ಲೇ ಆಗಬೇಕು. ಕಸಿಗೆ ಆಗುವ ಕಡ್ಡಿ ಆ ಮರದಲ್ಲಿ ಕೆಲವೇ ಇವೆ.

ದೊಡ್ಡಪ್ಪ: ಹಾಗಿದ್ದರೆ ಬಾಯಿ ನಿಲ್ಲದ ಚಾಕನ್ನು ಆ ಕಡ್ಡಿಗೆ ತಾಗಿಸಬೇಡ. ಇದು ಸರಿಯಾಗುವವರೆಗೆ ಹೊಸ ಕಟರ್ ಬ್ಲೇಡಿನಲ್ಲಿ ಕೆತ್ತು. ಬ್ಲೇಡು ಬಾಗುತ್ತದೆ, ಕೈ ಜೋಪಾನ. ಸವೆದ ಕೂಡಲೇ ಬದಲಿಸು.

ಮಗಳು: ಮಧ್ಯಾಹ್ನ ದೊರಗು ಕಲ್ಲು ಹಿಡಿದು ಕೂರುತ್ತೇನೆ, ಅರ ಜಾರುವವರೆಗೂ ಏಳುವುದಿಲ್ಲ. ಚಪ್ಪರದ ಹುಡುಗಿಯರಿಗೂ ಟಾರ್ಚಿನ ಪರೀಕ್ಷೆ, ಉಗುರಿನ ಪರೀಕ್ಷೆ ಕಲಿಸುತ್ತೇನೆ. ಯಾವ ಚಾಕು ಯಾವಾಗ, ಹೇಗೆ ಮೊಂಡಾಯಿತು ಅಂತ ಅವರವರೇ ನೋಡಿ ಹೇಳಬೇಕು, ಆಮೇಲೆ ಕಲ್ಲು.

ದೊಡ್ಡಪ್ಪ: ಒಬ್ಬೊಬ್ಬರಿಗೆ ಒಂದೊಂದು ಚಾಕು ಕೊಡು, ಹಿಡಿಗೆ ಗುರುತು ಹಾಕು. ಅದೇ ಗುರುತನ್ನು ಅವರು ಕಟ್ಟಿದ ಸಸಿಗಳ ಸಾಲಿಗೂ ಹಾಕು. ತಿಂಗಳ ಮೇಲೆ ಯಾವ ಸಾಲಿನಲ್ಲಿ ಎಷ್ಟು ಚಿಗುರಿದೆ ಎಣಿಸು. ಕಡಿಮೆ ಬಂದ ಸಾಲಿನವಳನ್ನು ಗದರಬೇಡ. ಅವಳ ಚಾಕು ತಗೊಂಡು ಬೆಳಕಿಗೆ ಹಿಡಿ.

ಮಗಳು: ಎಣಿಸಿ ಬರೆದಿಡುತ್ತೇನೆ. ಹೊಸ ಚಾಕಿನ ದುಡ್ಡಿಗೆ ಈ ಸಲ ಒಂದು ನಯದ ಕಲ್ಲು, ಒಂದು ಅರ, ಹಗ್ಗ ಕತ್ತರಿಸಲು ಎರಡು ಅಗ್ಗದ ಚಾಕು ಬರುತ್ತವೆ.